ಮರದ ಕೊಳಲು ಮತ್ತು ನನ್ನ ಎಡಗಿವಿ

ಅಪಾಯಗಳಲ್ಲೂ ಮೇಲುಕೀಳು ಇದೆ ಎಂಬುದು ನನಗೆ ತಿಳಿದದ್ದು ಈಚೆಗೆ. ಬಸ್ಸು ಮಗುಚಿ ಬದುಕಿ ಬಂದವನಿಗೆ ನಮ್ಮಲ್ಲಿ ಒಂದು ಮರ್ಯಾದೆ ಇದೆ. ಹಾವು ಕಚ್ಚಿ ಉಳಿದವನ ಸುತ್ತ ಇಡೀ ಓಣಿ ಬಂದು ಕೂರುತ್ತದೆ. ಅವನು ಹೇಳಿದಷ್ಟೂ ಹಾವು ಉದ್ದವಾಗುತ್ತದೆಯೇ ಹೊರತು ಕೇಳುವವರಿಗೆ ಬೇಸರ ಬರುವುದಿಲ್ಲ. ನಾನು ವಿಜ್ಞಾನ ಪಾಠ ಮಾಡುವ ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರೊಬ್ಬರಿದ್ದಾರೆ, ಕೂಡ್ಲಿಗಿ ಕಡೆಯವರು. ಎಂದೋ ಒಂದು ಮುಂಜಾನೆ ಅವರಿಗೆ ಗುಡ್ಡದ ಮಗ್ಗುಲಲ್ಲಿ ಕರಡಿಯ ಬೆನ್ನು ಕಂಡಿತ್ತಂತೆ. ಬೆನ್ನು ಮಾತ್ರ. ಕರಡಿ ಇವರನ್ನು ನೋಡಲಿಲ್ಲ, ನೋಡುವ ಮನಸ್ಸೂ ಮಾಡಲಿಲ್ಲ. ಆದರೂ ಆ ಬೆನ್ನೊಂದನ್ನೇ ಇಟ್ಟುಕೊಂಡು ಅವರು ಇಂದಿಗೂ ಸ್ಟಾಫ್ ರೂಮಿನ ಗಟ್ಟಿ ಕುರ್ಚಿಯಲ್ಲಿ ಕೂರುತ್ತಾರೆ.

ನಾನು ಸಾಯುವುದರಲ್ಲಿದ್ದದ್ದು ಒನಕೆಯಿಂದ. ಅದೂ ಕೊಳಲು ಮಾಡಲು ಹೋಗಿ. ಇಷ್ಟು ಹೇಳುವುದರೊಳಗೆ ಎದುರಿಗಿದ್ದವರು ನಗಲು ಶುರು ಮಾಡುತ್ತಾರೆ. ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ. ಗಂಡಸರಾದರೆ, “ಮತ್ತ ಕೊಳಲು ಏನಾತ್ರಿ?” ಹೆಂಗಸರಾದರೆ, “ಮತ್ತ ಒನಕಿ ಏನಾತ್ರಿ?” ನಿಮಗೇನಾಯಿತು ಎಂದು ಒಬ್ಬರಾದರೂ ಕೇಳಬಾರದೆ? ಆ ಒನಕೆ ನನ್ನ ಎಡಗಿವಿಯಿಂದ ಒಂದು ಗೇಣು ಆಚೆ ಹಾದು ಹೋಗಿದೆ. ಅದು ಹೋಗುವಾಗ ಎದ್ದ ಗಾಳಿ ಕಿವಿಯ ಸಂದಿಯಲ್ಲಿ ಇನ್ನೂ ಇದೆ. ಮನೆಯಲ್ಲಿ ಮಿಕ್ಸರ್ ಗುರ್ರೆಂದರೆ ನನ್ನ ತಲೆ ತಾನಾಗಿ ಬಗ್ಗುತ್ತದೆ. “ದೇವರಿಗೆ ಬಗ್ಗಂಗಿಲ್ಲ, ಚಟ್ನಿಗೆ ಯಾಕ ಬಗ್ಗತೀರಿ?” ಎಂದು ನನ್ನ ಹೆಂಡತಿ ರೇಣುಕಾ ಕೇಳುತ್ತಾಳೆ. ಇಂಥ ಮನೆಯಲ್ಲಿ ಯಾರಿಗೆ ಹೇಳಿಕೊಳ್ಳಲಿ? ಓದುಗರಾದರೆ ನಡುವೆ ಬಾಯಿ ಹಾಕಲಾರರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊಟ್ಟೂರಿನಲ್ಲಿರುವ ನನ್ನ ಮಾವ ಗೋಣೆಪ್ಪನವರು ಬಸ್ಸು ಓಡಿಸಿ ನಿವೃತ್ತರಾದವರು. ಅವರ ವೈದ್ಯಶಾಸ್ತ್ರದಲ್ಲಿ ಎರಡೇ ರೋಗಗಳು: ‘ಇಂಜಿನ್ ಹೋಗೈತಿ’ ಮತ್ತು ‘ಬಾಡಿ ಹೋಗೈತಿ’. ಮನೆಯ ನಲ್ಲಿಯಿಂದ ಹಿಡಿದು ಬೀಗರ ಮೊಣಕಾಲಿನವರೆಗೆ ಎಲ್ಲಕ್ಕೂ ಈ ಎರಡರಲ್ಲಿ ಒಂದನ್ನು ಬರೆದುಕೊಡುತ್ತಾರೆ. ಇವರ ಮನೆಯ ದೇವರ ಜಗಲಿಯ ಮೇಲೆ ಒಂದು ಹಳೆಯ ಕೊಳಲಿದೆ. ಬಿದಿರಿನದಲ್ಲ, ಮರದ್ದು. ಕಮರದ ಮರ. ನಮ್ಮ ಕಡೆಯ ಕುರುಚಲು ಕಾಡಿನಲ್ಲಿ ಬೆಳೆಯುವ ಈ ಮರ ಎಷ್ಟು ಗಟ್ಟಿ ಎಂದರೆ ಗಾಡಿಯ ಅಚ್ಚು, ದನದ ಗೂಟ, ಒನಕೆ ಇಂಥವನ್ನು ಬಿಟ್ಟು ಬೇರೇನಾದರೂ ಮಾಡಿಕೊಡಿ ಎಂದರೆ ಬಡಗಿಗಳು ಉಳಿಯನ್ನು ಎತ್ತಿ ಒಳಗಿಡುತ್ತಾರೆ. ಆ ಕೊಳಲನ್ನು ಕೈಯಲ್ಲಿ ಹಿಡಿದರೆ ಕಬ್ಬಿಣದ ಕೊಳವೆ ಹಿಡಿದಂತೆ. ನೀರಿಗೆ ಹಾಕಿದರೆ ಮುಳುಗುತ್ತದೆ ಎಂದು ಮಾವ ಹೇಳಿದರು. ಬಕೆಟ್ಟಿನಲ್ಲಿ ಹಾಕಿ ನೋಡೋಣವೇ ಎಂದು ಕೇಳಿ ನಾನು ಮದುವೆಯಾದ ಹೊಸದರಲ್ಲೇ ಬೈಸಿಕೊಂಡೆ.

ಅದನ್ನು ಮಾಡಿದವರು ಮಾವನವರ ಅಪ್ಪ. ಕುರಿ ಕಾಯುತ್ತಿದ್ದವರು. ಮಾವ ಈ ಕಥೆ ಹೇಳಲು ಕೂತರೆ ಚಹಾ ತಣ್ಣಗಾಗಿ, ಕೆನೆ ಕಟ್ಟಿ, ಕೆನೆಯ ಮೇಲೆ ಇರುವೆ ಓಡಾಡುವವರೆಗೂ ನಿಲ್ಲಿಸುವುದಿಲ್ಲ. “ಹಸಿ ಮರ ಆಗಂಗಿಲ್ರಿ ಅಳಿಯಾರ. ಕೊಂಬಿ ತಂದು ಹಟ್ಟಿಯಾಗ ಕುರಿ ಹಿಕ್ಕಿ ಒಳಗ ಹುಗದು ಬಿಟ್ಟಿದ್ದ. ಮಳಿ ಆತು, ಬ್ಯಾಸಿಗಿ ಆತು, ಮತ್ತ ಮಳಿ ಆತು. ಮೆಲ್ಲಕ ಆರಬೇಕು. ಅವಸರ ಮಾಡಿದ್ರ ಸೀಳತೈತಿ. ಆಮ್ಯಾಲ ಸಲಾಕಿ ಕೆಂಪಗ ಕಾಸಿ ಈ ಕಡಿಂದ ಒಂದೀಟು, ಆ ಕಡಿಂದ ಒಂದೀಟು ಸುಡಕೊಂತ ಬಂದ. ನಡುವ ಎರಡೂ ತೂತು ಕೂಡಬೇಕು ನೋಡ್ರಿ. ಕೂಡಲಿಲ್ಲ ಅಂದ್ರ ಒಲಿಗೆ ಹಾಕೋದ.” ಬೆರಳ ತೂತುಗಳ ಜಾಗಕ್ಕೆ ಅಳತೆಗೋಲಿರಲಿಲ್ಲ. ಬೆರಳು ಎಲ್ಲಿ ಸಲೀಸಾಗಿ ಕೂರುತ್ತವೋ ಅಲ್ಲಿ ಇದ್ದಿಲಿನಿಂದ ಬೊಟ್ಟು ಇಟ್ಟು ಅಲ್ಲೇ ಸುಡುವುದು. ಹೀಗಾಗಿ ಕೊಳಲು ಎನ್ನುವುದು ಮಾಡಿದವನ ಕೈಯ ಅಚ್ಚು. ಶ್ರುತಿ? ಊದಿದಾಗ ಕುರಿ ತಲೆ ಎತ್ತಿ ನೋಡಿದರೆ ಶ್ರುತಿ ಸರಿ ಇದೆ ಎಂದು ಲೆಕ್ಕ. ಹೊಸ ಕೊಳಲನ್ನು ಮೊದಮೊದಲು ದಿನಕ್ಕೆ ನಾಲ್ಕು ಉಸಿರಿಗಿಂತ ಹೆಚ್ಚು ಊದಬಾರದಂತೆ. ಉಸಿರಿನ ತೇವ ಕುಡಿದು ಮರ ಉಬ್ಬಿ ಬಿರಿಯುತ್ತದಂತೆ. ಎಣ್ಣೆ ಕುಡಿಸಿ, ಉಸಿರು ಕುಡಿಸಿ, ಹಸುಗೂಸಿನ ಹಾಗೆ ಸಾಕಬೇಕಂತೆ.

ಹಾಗೆ ಸಾಕಿದವರು ತೀರಿಕೊಂಡ ಮೇಲೆ ಕೊಳಲು ದೇವರ ಜಗಲಿ ಏರಿತು. ಅಲ್ಲಿಗೆ ಅದರ ಬಾಯಿ ಬಂದ್. ಜಗಲಿಯ ಮೇಲಿನ ಸಾಮಾನನ್ನು ಎಂಜಲು ಮಾಡುವ ಹಾಗಿಲ್ಲ. ಊದುವುದು ಎಂದರೆ ಬಾಯಿ ಹಚ್ಚುವುದು, ಬಾಯಿ ಹಚ್ಚುವುದು ಎಂದರೆ ಎಂಜಲು. ಆದ್ದರಿಂದ ಪ್ರತಿ ಆಯುಧ ಪೂಜೆಗೆ ಮಾವ ಅದನ್ನು ಕೆಳಗಿಳಿಸಿ, ಹರಳೆಣ್ಣೆ ಸವರಿ, ವಿಭೂತಿ ಬಳಿದು, ಅರಿಶಿನ ಕುಂಕುಮ ಏರಿಸಿ ಮತ್ತೆ ಮೇಲಿಡುವುದು. ಬಸ್ಸಿನ ಸ್ಟೇರಿಂಗಿಗೆ ಮಾಡುತ್ತಿದ್ದ ಪೂಜೆಯೂ ಕೊಳಲಿನ ಪೂಜೆಯೂ ಒಂದೇ ಕೈಯ ಕೆಲಸವಾದ್ದರಿಂದ ಕುಂಕುಮ ಸ್ವಲ್ಪ ಧಾರಾಳವಾಗಿಯೇ ಬೀಳುತ್ತಿತ್ತು.

ಹೀಗೆ ಇದ್ದಿದ್ದರೆ ನನ್ನ ಕಿವಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಹೋದ ಬೇಸಿಗೆ ರಜೆಯಲ್ಲಿ ನಾವು ಕೊಟ್ಟೂರಿನಲ್ಲಿದ್ದಾಗ ಮಾವನವರ ಅಕ್ಕ ಮೈಲಮ್ಮ ಬಂದರು. ಹಿರೇಹಡಗಲಿಯಲ್ಲಿರುವ ಈ ಹಿರಿಯಾಕೆಗೆ ಕಿವಿ ಮಂದವಾಗುತ್ತ ಬಂದಿತ್ತು. ದಾವಣಗೆರೆಯ ಡಾಕ್ಟರರಿಗೆ ತೋರಿಸಿಕೊಂಡು ನೇರವಾಗಿ ತಮ್ಮನ ಮನೆಗೆ ಬಂದಿದ್ದರು. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಹೋಗುವ ದಾರಿಯಲ್ಲಿದೆ ಎಂದು ಡಾಕ್ಟರರು ಹೇಳಿದ್ದರಂತೆ. ಆಕೆ ಅಳಲಿಲ್ಲ. ಪಡಸಾಲೆಯಲ್ಲಿ ಕಾಲು ನೀಡಿ ಕೂತು, ಕಿವುಡರ ಎತ್ತರದ ದನಿಯಲ್ಲಿ ತಮ್ಮನಿಗೆ ಹೇಳಿದರು: “ಗೋಣ್ಯಾ, ಇದೊಂದು ಕಿವಿ ಮುಚ್ಚೂದರೊಳಗ ಅಪ್ಪನ ಕೊಳಲು ಒಂದ ಸಲ ಕೇಳಸಪಾ. ಸಂಜಿ ಮುಂದ ಕುರಿ ಕರಿಯಾಕ ಊದತಿದ್ದನಲ್ಲ, ಅದು. ಮತ್ತೇನೂ ಬ್ಯಾಡ ನನಗ.”

ಎಪ್ಪತ್ತು ದಾಟಿದ ಅಕ್ಕ, ತಮ್ಮನ ಬಳಿ ಮೊದಲ ಸಲ ಏನನ್ನೋ ಕೇಳಿದ್ದು. “ಕಲತು ನಾನ ಬಂದು ಊದತೀನಿ,” ಎಂದು ಮಾವ ಮಾತು ಕೊಟ್ಟರು. ಆಕೆ ಊರಿಗೆ ಹೋದ ಮೇಲೆ ದೇವರಿಗೆ ಕಾಯಿ ಒಡೆದು, ಎಂಜಲಿಗೆ ಕ್ಷಮೆ ಕೇಳಿ, ಕೊಳಲನ್ನು ಇಳಿಸಿ ಬಾಯಿಗೆ ಹಚ್ಚಿದರು. ‘ಫುಸ್’ ಎಂದಿತು. ಮತ್ತೆ ಊದಿದರು. ಮತ್ತೆ ಫುಸ್. ಕೆನ್ನೆ ಉಬ್ಬಿ, ಕಣ್ಣು ಕೆಂಪಾಗಿ, ತಲೆ ತಿರುಗಿ ಕಂಬ ಹಿಡಿದುಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡು ಕೊಳಲನ್ನು ಬೆಳಕಿಗೆ ಹಿಡಿದರೆ ಮರದ ಮೇಲೆ ಕೂದಲೆಳೆಯಂಥ ಒಂದು ಗೆರೆ ಕಂಡಿತು. “ಬಾಡಿ ಹೋಗೈತಿ,” ಎಂದು ತೀರ್ಪು ಕೊಟ್ಟರು. “ಹೊಸಾದು ಕಟ್ಟಬೇಕು.”

ನಾನು ಓದಿದವನು, ಸುಲಭದ ದಾರಿ ನನಗೆ ಬೇಗ ಹೊಳೆಯುತ್ತದೆ. “ಪೇಟೆಯಲ್ಲಿ ಬಿದಿರಿನ ಕೊಳಲು ಸಿಗುತ್ತವಲ್ಲ ಮಾವ, ಒಂದು ತಂದರಾಯಿತು,” ಎಂದೆ. ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಓಡುತ್ತಿರುವ ಬಸ್ಸಿನಲ್ಲಿ ಎದ್ದು ನಿಂತು ನಿಲ್ದಾಣವಿಲ್ಲದ ಕಡೆ ಇಳಿಸಿ ಎಂದವನನ್ನು ನೋಡಿದ ಹಾಗಿತ್ತು. “ಅಳಿಯಾರ, ಅಕ್ಕಗ ಹೋಗಿರೋದು ಕಿವಿ. ಬುದ್ಧಿ ಅಲ್ಲ. ಬಿದರು ಯಾವುದು ಕಮರ ಯಾವುದು ಅಕಿಗೆ ಗೊತ್ತಾಗಂಗಿಲ್ಲೇನು?”

ಸರಿ, ಕಮರವೇ ಬೇಕು. ಕಾಡಿನಲ್ಲಿ ಕಡಿದರೆ ಅರಣ್ಯದವರು ಹಿಡಿಯುತ್ತಾರೆ. ಹಿಡಿಯದಿದ್ದರೂ ಹಸಿ ಮರ ಆರಲು ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ಅಕ್ಕನ ಕಿವಿ ಕಾಯುವುದಿಲ್ಲ. ಆರಿದ, ಹಳೆಯ, ಬಿರುಕಿಲ್ಲದ, ನೆಟ್ಟಗಿನ ಕಮರದ ತುಂಡು ಎಲ್ಲಿ ಸಿಗುತ್ತದೆ ಎಂದು ಮಾವ ಮನೆಯಲ್ಲಿ ಶತಪಥ ಹಾಕುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಅವರ ದೃಷ್ಟಿ ಹೋದ ಕಡೆ ನನ್ನ ದೃಷ್ಟಿಯೂ ಹೋಯಿತು. ಮೂಲೆಯಲ್ಲಿ, ಗೋಡೆಗೆ ಒರಗಿ, ಅತ್ತೆಯವರ ಒನಕೆ ನಿಂತಿತ್ತು.

ಈ ಒನಕೆಯ ಬಗ್ಗೆ ಒಂದು ಮಾತು. ಇದು ನನ್ನ ಅತ್ತೆ ಹಾಲಮ್ಮನವರಿಗೆ ತವರಿನಿಂದ ಬಂದದ್ದು. ತುದಿಗೆ ಕಬ್ಬಿಣದ ಬಳೆ. ಹಿಟ್ಟಿನ ಗಿರಣಿ ಬಂದ ಮೇಲೆ ಅದಕ್ಕೆ ನಿತ್ಯದ ಕೆಲಸ ಇಲ್ಲ, ಆದರೆ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಇದೇ ಹೋಗಬೇಕು. ಅತ್ತೆಯವರಿಲ್ಲದಿದ್ದರೂ ಮದುವೆ ನಡೆದೀತು, ಈ ಒನಕೆ ಇಲ್ಲದೆ ನಡೆಯದು. ಅಂಥ ಒನಕೆಯನ್ನು ನೋಡುತ್ತ ಮಾವ ಮೆಲ್ಲಗೆ ಹೇಳಿದರು: “ಮ್ಯಾಲಿನ ಅರ್ಧ ಸಾಕು.”

“ಅತ್ತೆಯವರು?”

“ಸವದೈತಿ ಅಂತ ಹೇಳಿದ್ರಾತು.”

ಒನಕೆ ಸವೆದು ಅರ್ಧಕ್ಕೆ ಬರಬೇಕಾದರೆ ಕುಟ್ಟಬೇಕಾದದ್ದು ಅರಿಶಿನವಲ್ಲ, ಗ್ರಾನೈಟ್. ಇದನ್ನು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಮಾವನ ಮುಂದೆ ನನ್ನ ಮಾತು ಗಂಟಲಿನಲ್ಲೇ ಬ್ರೇಕು ಹಾಕುತ್ತದೆ. ಆ ಸೋಮವಾರ ಅತ್ತೆಯವರು ರೇಣುಕಾಳನ್ನು ಕರೆದುಕೊಂಡು ಉಜ್ಜಿನಿಗೆ ದೇವರಿಗೆ ಹೋದರು. ಅವರ ಬಸ್ಸು ತಿರುವಿನಲ್ಲಿ ಮರೆಯಾದದ್ದೇ ತಡ, ಮಾವ ತಮ್ಮ ಹಳೆಯ ಮೊಪೆಡ್ಡನ್ನು ಹೊರಗೆಳೆದರು. ನಾನು ಹಿಂದೆ ಕೂತು ಬಲಗೈಯಲ್ಲಿ ಒನಕೆಯನ್ನು ಧ್ವಜದ ಹಾಗೆ ನೆಟ್ಟಗೆ ಹಿಡಿದುಕೊಂಡೆ. ಎಡಗೈಯಲ್ಲಿ ಮಾದರಿಗೆಂದು ಹಳೆಯ ಕೊಳಲು. ಕೊಟ್ಟೂರಿನ ಬಜಾರದಲ್ಲಿ ಒನಕೆ ಹಿಡಿದ ಅಳಿಯನನ್ನು ಯಾರು ಸುಮ್ಮನೆ ಬಿಡುತ್ತಾರೆ? “ಅಳಿಯಾರ, ಒನಕಿ ಎಲ್ಲಿಗೆ ಹೊಂಟೀತ್ರಿ? ಯಾರ ಮನಿ ಮದುವಿ?” “ಗೋಣೆಪ್ಪಣ್ಣ, ಅಳಿಯಂದ್ರಿಗೆ ಕುಟ್ಟಾಕ ಹಚ್ಚೀರೇನು?” ಮಾವ ಎಲ್ಲರಿಗೂ ಹಾರ್ನಿನಲ್ಲೇ ಉತ್ತರ ಕೊಟ್ಟರು.

ಹೋದದ್ದು ಖಾಜಾಸಾಬರ ಲೇತ್ ಅಂಗಡಿಗೆ. ಮಂಚದ ಕಾಲು, ತೊಟ್ಟಿಲ ಕಂಬ, ಲಟ್ಟಣಿಗೆ ಕಡೆದು ಕೊಡುವವರು. ತಗಡಿನ ಗೋಡೆ, ತಗಡಿನ ಮಾಡು, ನಡುವೆ ಕಂಬಗಳನ್ನೂ ಕಡೆಯಬಲ್ಲ ಉದ್ದನೆಯ ಯಂತ್ರ. ಮಾವನಿಗೂ ಅವರಿಗೂ ಬಾಲ್ಯದ ಸಲಿಗೆ. ಖಾಜಾಸಾಬರು ಜೀವನದಲ್ಲಿ ಕೊಳಲು ಮಾಡಿದವರಲ್ಲ. ಆದರೆ ‘ಆಗುವುದಿಲ್ಲ’ ಎಂಬ ಮಾತನ್ನೂ ಜೀವನದಲ್ಲಿ ಆಡಿದವರಲ್ಲ. ಹಳೆಯ ಕೊಳಲನ್ನು ತಿರುಗಿಸಿ ಮುರುಗಿಸಿ ನೋಡಿ, “ಅರೆ, ಕೊಳಲಂದ್ರ ಏನ ಗೋಣೆಪ್ಪ? ಒಳಗ ತೂತಿರೋ ಲಟ್ಟಣಿಗಿ!” ಎಂದರು. “ನಿಮ್ಮಪ್ಪ ಸಲಾಕಿ ಕಾಸಿ ಕಾಸಿ ವರ್ಷ ಮಾಡ್ಯಾನ. ನಾ ನಮಾಜಿಗೆ ಹೋಗೂದರಾಗ ಮಾಡಿ ಕೊಡತೀನಿ.”

“ಲೇ ಖಾಜಾ, ಶ್ರುತಿ ತಪ್ಪಬಾರದು ನೋಡು.”

“ನೀ ಬಸ್ ಬಿಡುವಾಗ ನಾ ಏನರ ಹೇಳತಿದ್ನೇನು? ಸುಮ್ಕ ಕುಂದ್ರು.”

ಕೊಳಲಿನ ಒಳತೂತನ್ನು ಅದರ ತುದಿಗೆ ಜೋಳದ ದಂಟು ಆನಿಸಿ ಅಳೆದರು. ಬೆರಳ ತೂತುಗಳನ್ನು ಬೆಂಕಿಕಡ್ಡಿ ಅಡ್ಡ ಇಟ್ಟು ಅಳೆದರು. ತೂತುಗಳು ತೀರ ಸಣ್ಣವು, ಒಂದೊಂದೂ ಒಂದೊಂದು ಆಕಾರ. “ಹಳೇ ಕಾಲದವರ ಲೆಕ್ಕ ಬ್ಯಾರೆನ ಇರತೈತಿ,” ಎಂದು ಇಬ್ಬರೂ ತಲೆದೂಗಿದರು. ವಿಜ್ಞಾನದ ಮೇಷ್ಟ್ರಾದ ನಾನೂ ತೂಗಿದೆ. ಆಮೇಲೆ ಒಂದು ಚರ್ಚೆ ಎದ್ದಿತು. ಒನಕೆಯನ್ನು ಮೊದಲು ಕತ್ತರಿಸಬೇಕು ಎಂದು ಖಾಜಾಸಾಬರು. ಕತ್ತರಿಸದೆ ಇಡಿಯಾಗಿಯೇ ಯಂತ್ರಕ್ಕೆ ಹಾಕಿ ತೂತು ಕೊರೆಯಬೇಕು ಎಂದು ಮಾವ. ಮಾವನ ತರ್ಕ ಗೃಹಸ್ಥನ ತರ್ಕ: ತೂತು ನೆಟ್ಟಗೆ ಹೋಗದಿದ್ದರೆ ಒನಕೆಯನ್ನು ಹಾಗೇ ಒಯ್ದು ಮೂಲೆಗೆ ನಿಲ್ಲಿಸಬಹುದು, ಮೇಲಿನ ತೂತಿಗೆ ಮೇಣ ತುಂಬಿದರಾಯಿತು, ಹಾಲಮ್ಮನಿಗೆ ಗೊತ್ತಾಗುವುದಿಲ್ಲ. ಹೆಂಡತಿಯ ಭಯ ಎಂಬುದು ಖಾಜಾಸಾಬರಿಗೂ ತಿಳಿದ ವಿಷಯವಾದ್ದರಿಂದ ಅವರು ಒಪ್ಪಿದರು. ಕಬ್ಬಿಣದ ಬಳೆಯ ಕಡೆಯ ತುದಿಯನ್ನು ಯಂತ್ರದ ಹಲ್ಲುಗಳ ನಡುವೆ ಬಿಗಿದರು. ಬಳೆಯ ಮೇಲೆಯೇ ಬಿಗಿದರು. ಕಬ್ಬಿಣವನ್ನು ಕಬ್ಬಿಣ ಹಿಡಿದರೆ ಗಟ್ಟಿ ಎಂದು ಮೂವರಿಗೂ ಅನ್ನಿಸಿತು. ಇನ್ನೊಂದು ತುದಿಗೆ ಬೈರಿಗೆ ಆನಿಸಿದರು. “ಮೇಷ್ಟ್ರ, ನೀವು ಕೊಳಲು ಹಿಡಕೊಂಡು ಅಲ್ಲಿ ನಿಂದ್ರಿರಿ, ನಡನಡುವ ನೋಡಬೇಕು,” ಎಂದು ನನಗೆ ಜಾಗ ತೋರಿಸಿದರು. ನಾನು ಅಲ್ಲಿ ನಿಂತೆ.

ಇಲ್ಲಿಂದ ಮುಂದಿನದನ್ನು ನಾನು ದಿನವೂ ನೋಡುತ್ತೇನೆ. ಹಲ್ಲುಜ್ಜುವಾಗ, ಹಾಜರಿ ಕೂಗುವಾಗ, ಊಟದ ನಡುವೆ. ಗುಂಡಿ ಒತ್ತಿದರು. ಒನಕೆ ತಿರುಗತೊಡಗಿತು. ಮೊದಲು ಅದರ ಮೇಲಿನ ಗಂಟುಗಳು ಕಾಣುತ್ತಿದ್ದವು, ಆಮೇಲೆ ಗೆರೆಗಳು, ಆಮೇಲೆ ಬರೀ ಕಪ್ಪು ಹೊಳಪು. ಬೈರಿಗೆ ಮರವನ್ನು ಕಚ್ಚಿತು. ಹೊಗೆ ಬಂತು. “ನೋಡು, ನೋಡು, ಹೆಂಗ ಹೊಂಟೈತಿ!” ಎಂದು ಖಾಜಾಸಾಬರು. “ಅಪ್ಪಾ!” ಎಂದು ಮಾವ, ಯಾವ ಅಪ್ಪನನ್ನೋ. ಆಗ ಒಂದು ಕ್ಷಣ ವಿಚಿತ್ರ ನಡೆಯಿತು. ಯಂತ್ರ ತಿರುಗುತ್ತಿದೆ, ಬಳೆ ತಿರುಗುತ್ತಿದೆ, ಒನಕೆ ಮಾತ್ರ ನಿಂತಿದೆ. ಬೈರಿಗೆ ಅದನ್ನು ಕಚ್ಚಿ ಹಿಡಿದುಬಿಟ್ಟಿತ್ತು; ಬಳೆ ಮರದ ಮೇಲೆ ಸಡಿಲವಾಗಿ ಜಾರುತ್ತಿತ್ತು. ನಾನು ‘ಅರೆ’ ಎನ್ನಲು ಬಾಯಿ ತೆರೆದೆ. ಒನಕೆ ಒಮ್ಮೆ ನಡುಗಿ, ಕುಣಿದು, ಬಳೆಯಿಂದ ಕಳಚಿಕೊಂಡು ಹೊರಟಿತು. ನನ್ನ ಕಡೆಗೇ ಹೊರಟಿತು. ಕಿವಿಯ ಪಕ್ಕದಲ್ಲಿ ‘ಭೊಂಯ್’ ಎಂದಿತು. ಹಿಂದೆ ತಗಡು ಸಿಡಿಲಿನ ಹಾಗೆ ಬಡಿಯಿತು.

ಕುಸಿದು ಕೂತೆ. ಕೈಯಲ್ಲಿದ್ದ ಕೊಳಲು ತೊಡೆಗೆ ಬಡಿದು ನೆಲಕ್ಕೆ ಬಿತ್ತು. ಕಣ್ಣು ಬಿಟ್ಟು ನೋಡಿದರೆ ಅಂಗಿಯ ಮೇಲೆ, ತೊಡೆಯ ಮೇಲೆ, ಅಂಗೈಯಲ್ಲಿ ಕಡುಕೆಂಪು. ನಡುವೆ ಬೂದು ಬಣ್ಣದ ಮುದ್ದೆ. ರಕ್ತ ಮತ್ತು ಮಿದುಳು ಎಂದು ನನಗೆ ಖಾತ್ರಿಯಾಯಿತು. ಜೀವಶಾಸ್ತ್ರವನ್ನೂ ನಾನೇ ಪಾಠ ಮಾಡುತ್ತೇನೆ. ಮಿದುಳು ಹೊರಬಂದ ಮೇಲೂ ಇಷ್ಟು ಸ್ಪಷ್ಟವಾಗಿ ಯೋಚಿಸುತ್ತಿದ್ದೇನಲ್ಲ ಎಂದು ಆಶ್ಚರ್ಯವೂ ಆಯಿತು. ಮಾವ ಓಡಿ ಬಂದರು. ಕೈ ಚಾಚಿದೆ. ಅವರು ನನ್ನ ಕೈಯನ್ನು ದಾಟಿ, ನನ್ನ ಕಾಲನ್ನೂ ದಾಟಿ, ಕೊಳಲಿನ ಮುಂದೆ ಮೊಣಕಾಲೂರಿದರು. “ಬಿತ್ತಲ್ರೀ! ಕೈಯಾಗ ಒಂದು ಕೊಳಲು ಹಿಡಕೊಳ್ಳಾಕ ಆಗಲಿಲ್ಲೇನ್ರಿ ಅಳಿಯಾರ?”

“ಮಾವ... ರಕ್ತ...” ಎಂದೆ.

ಖಾಜಾಸಾಬರು ಬಗ್ಗಿ ನನ್ನ ಅಂಗಿಯಿಂದ ಒಂದು ಚಿಟಿಕೆ ತೆಗೆದು ಮೂಸಿದರು. “ರಗತ ಅಲ್ರಿ ಮೇಷ್ಟ್ರ. ಕುಂಕುಮ. ಇದು ವಿಭೂತಿ. ಹರಳೆಣ್ಣಿ ವಾಸನಿನೂ ಐತಿ.”

ಹೊರಗಿನಿಂದ ಒಂದು ಹೆಣ್ಣು ದನಿ ಬಂತು. ರಸ್ತೆಯಲ್ಲಿ ಸೊಪ್ಪು ಮಾರುವಾಕೆ. “ಖಾಜಾಸಾಬ್ರ, ನಿಮ್ಮ ಗ್ವಾಡಿಯಾಗಿಂದ ಒನಕಿ ಹೊರಗ ಬಂದೈತ್ರಿ! ಯಾರ್ದದು? ನಮ್ಮ ಹಾಲಕ್ಕಂದು ಇದ್ದಂಗೈತಲ್ಲ!” ತಗಡನ್ನು ತೂರಿಕೊಂಡು ಒನಕೆ ಅರ್ಧ ಒಳಗೆ ಅರ್ಧ ಬೀದಿಗೆ ಚಾಚಿ ನಿಂತಿತ್ತು. ಇತ್ತ ಮಾವ ಕೊಳಲನ್ನು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಒಳಗಿನಿಂದ ಇನ್ನೂ ಒಂದೆರಡು ಹೆಂಟೆ ಉದುರಿದವು. ಸುಮ್ಮನೆ ಬಾಯಿಗೆ ಹಚ್ಚಿದರು. ‘ಪೂ’ ಎಂದಿತು. ತುಂಬಿದ, ದಪ್ಪನೆಯ, ಮರದ ದನಿ.

ಅಂದರೆ ಬಾಡಿಯೂ ಹೋಗಿರಲಿಲ್ಲ, ಇಂಜಿನ್ನೂ ಹೋಗಿರಲಿಲ್ಲ. ಮಾವ ಕಂಡ ಆ ಗೆರೆ ಮರದ ನಾರಿನದು. ವರ್ಷವರ್ಷವೂ ಇವರೇ ಭಕ್ತಿಯಿಂದ ಮೆತ್ತಿದ ಪೂಜೆ ಗಟ್ಟಿಯಾಗಿ ಗಂಟಲಿಗೆ ಕೂತಿತ್ತು, ಅಷ್ಟೆ. ಬೆಂಕಿಕಡ್ಡಿ ಇಟ್ಟು ನಾವು ಅಳೆದದ್ದು ತೂತನ್ನಲ್ಲ, ತೂತಿನ ಸುತ್ತಲಿನ ಆಯುಧ ಪೂಜೆಯನ್ನು. ಒಂದು ಊದುಬತ್ತಿಯ ಕಡ್ಡಿ ತೂರಿಸಿ ಕೆರೆದಿದ್ದರೆ ಆಗುತ್ತಿದ್ದ ಕೆಲಸಕ್ಕೆ ನಾನು ಹೆಣವಾಗುವುದರಲ್ಲಿದ್ದೆ. ಮಾವ ಆನಂದಬಾಷ್ಪ ಸುರಿಸುತ್ತ ಖಾಜಾಸಾಬರನ್ನು ಅಪ್ಪಿಕೊಂಡರು. ಕೊಳಲನ್ನು ಸರಿ ಮಾಡಿದವರು ಖಾಜಾಸಾಬರು ಎಂದು ಇಂದಿಗೂ ಹೇಳುತ್ತಾರೆ. ಬೀಳಿಸಿದವನು ನಾನು ಎಂದೂ ಹೇಳುತ್ತಾರೆ, ಆದರೆ ಬೇರೆ ಅರ್ಥದಲ್ಲಿ.

ಒನಕೆಯನ್ನು ಗೋಡೆಯಿಂದ ಕಿತ್ತು, ಬಳೆಯನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದರೆ ಸುದ್ದಿ ಸೊಪ್ಪಿನ ಬುಟ್ಟಿಯಲ್ಲಿ ನಮಗಿಂತ ಮೊದಲೇ ಬಂದಿತ್ತು. ಸಂಜೆ ಅತ್ತೆಯವರು ಉಜ್ಜಿನಿಯಿಂದ ಬಂದರು. ನಮ್ಮಲ್ಲಿ ಹಳೆಯ ತಲೆಯ ಅತ್ತೆಯರು ಅಳಿಯನೊಡನೆ ಮುಖಾಮುಖಿ ಮಾತಾಡುವುದಿಲ್ಲ; ಬಾಗಿಲ ಹಿಂದೆ ನಿಂತು ಮಗಳಿಗೆ ಹೇಳುತ್ತಾರೆ, ಅದನ್ನು ಅಳಿಯ ಕೇಳಿಸಿಕೊಳ್ಳಬೇಕು. ಬಾಗಿಲ ಹಿಂದಿನಿಂದ ಬಂತು: “ರೇಣಿ, ಕೇಳವ್ವಾ ನಿಮ್ಮನೆಯವರನ್ನ. ಬ್ಯಾಸಿಗಿಯಾಗ ಒನಕಿ ಬಳಿ ಸಡ್ಲ ಇರತೈತಿ. ಕುಟ್ಟೂಕಿಂತ ಮೊದಲ ನೀರಾಗ ನೆನಸಬೇಕು. ನೆನಸದ ಒನಕಿ ಯಾರರ ಮುಟ್ಟತಾರೇನು? ಕಾಲೇಜಿನಾಗ ಇದನ್ನೂ ಹೇಳಿ ಕೊಡಂಗಿಲ್ಲೇನು?” ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ. ಮಾವ ಅಷ್ಟರಲ್ಲಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ನಾನು ರೇಣುಕಾಳ ಕಡೆ ನೋಡಿದೆ. “ಕಿವಿ ಪಕ್ಕದಲ್ಲೇ ಹೋಯಿತು ಕಣೇ,” ಎಂದೆ. ಅವಳು ಒನಕೆಯ ತುದಿಯಲ್ಲಿ ಬೈರಿಗೆ ಕೊರೆದ ಗುಳಿಯೊಳಗೆ ಬೆರಳು ಹಾಕಿ ನೋಡುತ್ತಿದ್ದಳು. “ಪುಣ್ಯಾ, ಭಾಳ ಆಳ ಹೋಗಿಲ್ಲ,” ಎಂದಳು.

ಶಾಲೆ ಶುರುವಾದ ಮೇಲೆ ಸ್ಟಾಫ್ ರೂಮಿನಲ್ಲಿ ಪ್ರಯತ್ನಿಸಿದೆ. ಮೇಲೆ ಹೇಳಿದ ಆ ಎರಡು ಪ್ರಶ್ನೆಗಳನ್ನು ಬಿಟ್ಟು ಹೆಚ್ಚೇನೂ ಹುಟ್ಟಲಿಲ್ಲ. ತರಗತಿಯಲ್ಲಿ ವೃತ್ತೀಯ ಚಲನೆಯ ಪಾಠ ಬಂತು. ಸುತ್ತುತ್ತಿರುವ ವಸ್ತುವಿನ ಹಿಡಿತ ತಪ್ಪಿದರೆ ಅದು ಸ್ಪರ್ಶರೇಖೆಯ ಗುಂಟ ನೇರವಾಗಿ ಹೋಗುತ್ತದೆ ಎಂದು ಹಲಗೆಯ ಮೇಲೆ ವೃತ್ತ ಬರೆದು, ಗೆರೆ ಎಳೆದು, ಆ ಗೆರೆಯ ತುದಿಯಲ್ಲಿ ನನಗೇ ಗೊತ್ತಿಲ್ಲದೆ ಒಬ್ಬ ಮನುಷ್ಯನನ್ನು ಬರೆದುಬಿಟ್ಟೆ. ವರ್ಷಗಳಿಂದ ಇದೇ ಪಾಠ ಮಾಡುತ್ತಿರುವ ನಾನು ಅಷ್ಟು ದೊಡ್ಡ ಅಂಗಡಿಯಲ್ಲಿ ಬೇರೆಲ್ಲೂ ನಿಲ್ಲದೆ ಆ ಗೆರೆಯ ಮೇಲೇ ಹೇಗೆ ಹೋಗಿ ನಿಂತೆ? ಮಕ್ಕಳು ಕಾದರು. ಬೆವರು ಒರೆಸಿಕೊಂಡು, ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ ಎಂದೆ.

ಇತ್ತ ಕೊಟ್ಟೂರಿನಲ್ಲಿ ಮಾವನ ಅಭ್ಯಾಸ ನಡೆದಿತ್ತು. ಅಪ್ಪನ ಬೆರಳು ಉದ್ದ, ಇವರದು ಸ್ಟೇರಿಂಗ್ ಹಿಡಿದು ಹಿಡಿದು ಮೊಂಡಾದವು. ಮೂರು ತೂತು ಮುಚ್ಚಿದರೆ ನಾಲ್ಕನೆಯದು ಬಾಯಿ ತೆರೆಯುತ್ತಿತ್ತು. ನಡುವಿನ ಒಂದು ತೂತಂತೂ ಏನು ಮಾಡಿದರೂ ಅಪಸ್ವರ. ಅದಕ್ಕೆ ಮೇಣ ಮೆತ್ತಿ ನೋಡಿದರು, ಮೇಣ ಕೆರೆದು ನೋಡಿದರು, ತುಟಿ ತಿರುಗಿಸಿ ನೋಡಿದರು. ಫೋನಿನಲ್ಲಿ ನನಗೂ ಊದಿ ಕೇಳಿಸಿದರು. “ಕಿವಿ ಹೇಗಿದೆ ಎಂದು ನೀವು ಕೇಳಲೇ ಇಲ್ಲ ಮಾವ,” ಎಂದೆ ಒಮ್ಮೆ ಧೈರ್ಯ ಮಾಡಿ. “ಅಕ್ಕಂದಾ? ದಿನಾ ಕಮ್ಮಿ ಆಗಾಕತ್ತೈತಂತ. ಈ ಐತವಾರ ಹೋಗೋಣು, ನೀವೂ ಬರ್ರಿ,” ಎಂದರು.

ಹೋದೆವು. ಹಿರೇಹಡಗಲಿಯ ಮನೆಯ ಅಂಗಳದಲ್ಲಿ ಬೇವಿನ ನೆರಳಿಗೆ ಹೊರಸು ಹಾಕಿಕೊಂಡು ಮೈಲಮ್ಮ ಕೂತಿದ್ದರು. ತಮ್ಮನನ್ನು ಕಂಡು, ಅವನ ಕೈಯಲ್ಲಿದ್ದದ್ದನ್ನು ಕಂಡು, ಸೆರಗನ್ನು ಹಿಂದೆ ಸರಿಸಿ ಒಂದು ಕಿವಿಯನ್ನು ತೆರೆದು ಹಿಡಿದರು. ಮಾವ ಆ ಮಗ್ಗುಲಿಗೆ ಕೂತು, ಕೊಳಲನ್ನು ಆ ಕಿವಿಯ ಹತ್ತಿರಕ್ಕೆ ಒಯ್ದು ಊದಿದರು. ಎರಡು ಉಸಿರಿನ ರಾಗ, ಏರಿ, ನಿಂತು, ಮೆಲ್ಲಗೆ ಇಳಿಯುವಂಥದ್ದು. ಇಳಿಯುವಾಗ ಆ ನಡುವಿನ ತೂತು ಎಂದಿನಂತೆ ಕೈಕೊಟ್ಟಿತು. ಮಾವ ಹಲ್ಲು ಕಚ್ಚಿ ಕಣ್ಣು ಮುಚ್ಚಿದರು. ಮೈಲಮ್ಮನವರ ಮುಖ ಅರಳಿತು. “ಅದ! ಅದ ನೋಡು ಗೋಣ್ಯಾ!” ಎಂದು ಕೂಗಿದರು. “ಅಲ್ಲೇ ತಪ್ಪತಿತ್ತು ಅಪ್ಪಗ. ದಿನಾ ಅಲ್ಲೇ ತಪ್ಪತಿತ್ತು. ನಾ ಹಟ್ಟಿ ಮುಂದ ನಿಂತು, ಈಗ ತಪ್ಪತಾನ ನೋಡು ಅಂತ ಕಾಯತಿದ್ದೆ. ಇನ್ನೊಮ್ಮೆ ತಪ್ಪು.” ಮಾವ ಇನ್ನೊಮ್ಮೆ ತಪ್ಪಿದರು. ಆಕೆ ನಗುತ್ತಲೇ ಕಣ್ಣೊರೆಸಿಕೊಂಡರು. ಇಷ್ಟು ಹೊತ್ತೂ ಎಲ್ಲರ ಮೇಲೂ ಸಿಟ್ಟಿನಲ್ಲಿದ್ದ ನಾನೂ, ಸುಳ್ಳೇಕೆ ಹೇಳಲಿ, ಮತ್ತೊಮ್ಮೆ ತಪ್ಪಲಿ ಎಂದು ಕಾದೆ.

ಆಮೇಲೆ ಮಾವ ಕೊಳಲನ್ನು ಪಕ್ಕದ ಮನೆಯವರಿಗೆ ತೋರಿಸಲು ಹೋದರು. ಅಂಗಳದಲ್ಲಿ ನಾನು ಮತ್ತು ಮೈಲಮ್ಮ ಇಬ್ಬರೇ. ಆಕೆ ಕಣ್ಣೊರೆಸಿಕೊಂಡು, ಅಕ್ಕರೆಯಿಂದ ನನ್ನ ಕೈ ಹಿಡಿದು, “ಮತ್ತ ನೀವು ಹೆಂಗದೀರಿ ಅಳಿಯಾರ? ಆರಾಮ ಅದೀರಿಲ್ಲ?” ಎಂದರು.

ಇಷ್ಟು ದಿನದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದು. ನನ್ನ ಕಟ್ಟೆ ಒಡೆಯಿತು. ಅವರ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಯಂತ್ರದ ಹಲ್ಲು, ಹೊಗೆ, ಒನಕೆ ನಿಂತ ಆ ಒಂದು ಕ್ಷಣ, ಕಿವಿಯ ಪಕ್ಕದ ಗಾಳಿ, ಅಂಗಿಯ ಮೇಲಿನ ಕೆಂಪು. ಕೈ ಆಡಿಸಿ, ಎದ್ದು ನಿಂತು, ಕುಸಿದು ಕೂತು ತೋರಿಸಿದೆ. ಅಂಥ ಕೇಳುಗರು ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಎಲ್ಲಿ ಬೇಕೋ ಅಲ್ಲಿ ಹುಬ್ಬೇರಿಸಿದರು. ಎಲ್ಲಿ ಬೇಕೋ ಅಲ್ಲಿ ಲೊಚಗುಟ್ಟಿದರು. ನಾನು ಕುಸಿದು ಬಿದ್ದಾಗ “ಅಯ್ಯ ಶಿವನ!” ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು. ಒಂದು ಸಲವೂ ನಗಲಿಲ್ಲ. ಕೊಳಲೇನಾಯಿತು ಎಂದಾಗಲಿ ಒನಕೆ ಏನಾಯಿತು ಎಂದಾಗಲಿ ಕೇಳಲಿಲ್ಲ. ಹೇಳಿ ಮುಗಿಸಿದಾಗ ನನ್ನ ಎದೆಯ ಮೇಲಿನ ಭಾರ ಪೂರ್ತಿ ಇಳಿದಿತ್ತು.

ಆಕೆ ನನ್ನ ಕೈಯನ್ನು ಮೆಲ್ಲಗೆ ತಟ್ಟಿ ಹೇಳಿದರು: “ಏನ ಅಂದ್ರೆಪಾ? ನೀವು ಈ ಕಡೆ ಕುಂತೀರಿ. ಈ ಕಿವಿ ಹೋಗಿ ಭಾಳ ದಿನ ಆತು. ಕೇಳತೈತಿ ಅಂದ್ರ ಆ ಕಿವಿನ, ಅದೂ ಇವತ್ತೋ ನಾಳೆಯೋ. ಇನ್ನ ಯಾರ ಸುದ್ದಿನೂ ಅದಕ್ಕ ಹಾಕೂದು ಬ್ಯಾಡ, ಅಪ್ಪನ ಕೊಳಲ ಕಡೀ ಸಪ್ಪಳ ಆಗಿ ಉಳೀಲಿ ಅಂತ ಮಾಡೀನಿ.”

ಸಭ್ಯನಾದವನು ಇಂಥ ಮಾತಿಗೆ ತಲೆಬಾಗಿ ಸುಮ್ಮನಾಗಬೇಕು. ನಾನು ಎದ್ದೆ. ಮಾವ ಎಲ್ಲೂ ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಹೊರಸನ್ನು ಸುತ್ತಿ ಆ ಮಗ್ಗುಲಿಗೆ ಹೋಗಿ ಕೂತು, ಕಿವಿಯ ಹತ್ತಿರಕ್ಕೆ ಬಾಯಿ ಒಯ್ದು, ಸ್ವಲ್ಪ ಜೋರಾಗಿಯೇ, ಮೊದಲಿನಿಂದ ಶುರು ಮಾಡಿದೆ.